ಹೊತ್ತಿನ ಲೆಕ್ಕ

ನಮ್ಮ ಸಂಘದಲ್ಲಿ ಕವಿಗಳಿಗೆ ಕೊರತೆಯಿಲ್ಲ, ಕತೆಗಾರರಿಗೂ ಇಲ್ಲ. ರಸಾಯನಶಾಸ್ತ್ರ ಓದುವವನು ಮಾತ್ರ ನಾನೊಬ್ಬನೇ. ಹಾಗಾಗಿ ಎಲ್ಲರಿಗೂ ನನ್ನ ಮೇಲೆ ಒಂದು ಥರಾ ಮರುಕ. "ಪಾಪ, ಲ್ಯಾಬಿನಿಂದ ಬಂದಾನ" ಎಂದು ಚಹಾ ಕೊಡಿಸುತ್ತಾರೆ. ಆ್ಯಸಿಡ್ ಸಿಡಿದು ತೂತುಬಿದ್ದ ನನ್ನ ಅಂಗಿಯನ್ನು ನೋಡಿ, ಇವನ ಬಾಳಿನಲ್ಲಿ ರಸವೆಂಬುದು ಶಾಸ್ತ್ರದ ಹೆಸರಿನಲ್ಲಷ್ಟೇ ಉಳಿದಿದೆ ಎಂದು ತೀರ್ಮಾನಿಸಿದ್ದಾರೆ. ಇರಲಿ. ಆದರೆ ಪ್ರಬಂಧ ಬರೆದುಕೊಡು ಎಂದು ಕೇಳಿದ ಮೇಲೆ ನನ್ನ ಶಾಸ್ತ್ರದ ಪರವಾಗಿ ನಾಲ್ಕು ಮಾತು ಆಡದೆ ಬಿಡಲಾರೆ. ಕವಿಗಳು 'ಕಾಲ' ಎಂಬ ಎರಡಕ್ಷರದಲ್ಲಿ ಹೇಳಿ ನಿಟ್ಟುಸಿರು ಬಿಡುವ ವಿಷಯಕ್ಕೆ ನಮ್ಮ ಪುಸ್ತಕದಲ್ಲಿ ಇಡೀ ಎರಡು ಅಧ್ಯಾಯಗಳಿವೆ. ಒಂದು, ಕ್ರಿಯೆಗಳಲ್ಲಿ ಶಕ್ತಿಯ ಏರಿಳಿತ. ಇನ್ನೊಂದು, ಕ್ರಿಯೆಗಳ ವೇಗ. ಒಂದನ್ನು ಶಕ್ತಿಯ ಖಾತೆ ಎನ್ನಿ, ಇನ್ನೊಂದನ್ನು ಹೊತ್ತಿನ ಖಾತೆ ಎನ್ನಿ. ಈ ಎರಡೂ ಬೇರೆ ಬೇರೆ ಖಾತೆಗಳು ಎಂಬುದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಸುಣ್ಣವನ್ನೇ ತೆಗೆದುಕೊಳ್ಳಿ. ಎಲೆ ಅಡಿಕೆಯಿಂದ ಹಿಡಿದು ಗೋಡೆಯ ತನಕ ನಮಗೆಲ್ಲ ಗೊತ್ತಿರುವ ವಸ್ತು. ಭಟ್ಟಿಯಲ್ಲಿ ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಉಷ್ಣದಲ್ಲಿ ಸುಡುತ್ತಾರೆ. 100 ಗ್ರಾಂ ಶುದ್ಧ ಕಲ್ಲು ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಈ ಕ್ರಿಯೆ 178 ಕಿಲೋಜೂಲ್ ಶಾಖವನ್ನು ನುಂಗುತ್ತದೆ. ಇಂಥದಕ್ಕೆ ಅಂತರುಷ್ಣಕ ಕ್ರಿಯೆ ಎಂದು ಹೆಸರು. ಇನ್ನು ಆ ಸುಟ್ಟ ಸುಣ್ಣದ ಮೇಲೆ ನೀರು ಹಾಕಿ. ಭುಸ್ ಎಂದು ಹಬೆಯೇಳುತ್ತದೆ, ಕುದಿಯುತ್ತದೆ, ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಭಟ್ಟಿ ಕೊಟ್ಟ ಸಾಲದಲ್ಲಿ 65 ಕಿಲೋಜೂಲ್ ಇಲ್ಲಿ ವಾಪಸು ಬಂತು. ಇದು ಬಹಿರುಷ್ಣಕ. ಹಾಗಾದರೆ ಉಳಿದ 113 ಎಲ್ಲಿ? ಅರಳಿದ ಆ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಆಗ ಉಳಿದ ಬಾಕಿ ಸಂದಾಯ. 65ಕ್ಕೆ 113 ಕೂಡಿಸಿ, 178 ಸರಿಹೋಯಿತು. ಯಾವ ದಾರಿಯಿಂದ ಹೋದರೂ ಒಟ್ಟು ಶಾಖದ ಲೆಕ್ಕ ಒಂದೇ ಎಂದು 1840ರಲ್ಲಿ ಹೆಸ್ ಎಂಬ ವಿಜ್ಞಾನಿ ಹೇಳಿದ. ಶಾನುಭೋಗರ ಲೆಕ್ಕದಲ್ಲಾದರೂ ಹೆಚ್ಚುಕಡಿಮೆ ಇದ್ದೀತು, ಇದರಲ್ಲಿ ಇಲ್ಲ.

ಈಗ ಹೊತ್ತಿನ ಖಾತೆ ನೋಡಿ. ನೀರು ಹಾಕಿದಾಗ ಹೊರಟ 65, ಕೆಲವು ನಿಮಿಷಗಳಲ್ಲಿ ಗದ್ದಲ ಮಾಡಿಕೊಂಡು ಹೊರಟಿತು. ಗೋಡೆಯಿಂದ ಹೊರಡುವ 113 ಅದಕ್ಕಿಂತ ದೊಡ್ಡ ಮೊತ್ತ. ಆದರೆ ಅದು ತಿಂಗಳುಗಟ್ಟಲೆ, ಗೋಡೆ ದಪ್ಪವಿದ್ದರೆ ವರ್ಷಗಟ್ಟಲೆ ಹೊರಡುತ್ತಲೇ ಇರುತ್ತದೆ. ಗೋಡೆಗೆ ಒರಗಿ ಕೂತವನಿಗೆ ಬೆನ್ನು ಬೆಚ್ಚಗಾಗುವುದಿಲ್ಲ. ದೊಡ್ಡ ಮೊತ್ತ ಬೇಗ ಬರಬೇಕೆಂಬ ನಿಯಮವಿಲ್ಲ. ಎಷ್ಟು ಎಂಬುದು ಒಂದು ಪ್ರಶ್ನೆ, ಯಾವಾಗ ಎಂಬುದು ಇನ್ನೊಂದು.

ಈ ಪುಟ ಓದುತ್ತಿರುವ ನೀವೂ, ನಿಮ್ಮ ಕೈಯಲ್ಲಿರುವ ಕಾಗದವೂ ಗಾಳಿಯಲ್ಲಿ ಇದ್ದೀರಿ. ಶಕ್ತಿಯ ಖಾತೆಯ ಪ್ರಕಾರ ಕಾಗದ ಈಗಲೇ ಆಮ್ಲಜನಕದೊಡನೆ ಕೂಡಿ ಉರಿದುಹೋಗಬೇಕು; ಹಾಗೆ ಹೋದರೆ ಶಾಖ ಸಿಗುತ್ತದೆ, ಇಳಿದು ಹೋಗುವ ದಾರಿ ಅದು. ಆದರೂ ಉರಿಯುತ್ತಿಲ್ಲ. ಯಾಕೆ? ನಡುವೆ ಒಂದು ಹೊಸ್ತಿಲಿದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಂಗಳ ಎಷ್ಟೇ ತಗ್ಗಿನಲ್ಲಿರಲಿ, ಹೊಸ್ತಿಲು ಮಾತ್ರ ಎತ್ತರ. ಕಾಲೆತ್ತಿ ದಾಟಿದವನೇ ಅಂಗಳಕ್ಕೆ ಇಳಿದಾನು. ಪುಸ್ತಕದಲ್ಲಿ ಇದಕ್ಕೆ ಆಕ್ಟಿವೇಷನ್ ಎನರ್ಜಿ ಎನ್ನುತ್ತಾರೆ. ಬೆಂಕಿಕಡ್ಡಿ ಗೀರಿದರೆ ಕಾಗದದ ಒಂದು ಮೂಲೆ ಹೊಸ್ತಿಲು ದಾಟುತ್ತದೆ. ಅಲ್ಲಿ ಬಂದ ಶಾಖ ಪಕ್ಕದ ಮೂಲೆಯನ್ನು ದಾಟಿಸುತ್ತದೆ. ಗ್ರಂಥಾಲಯಗಳು ನಿಂತಿರುವುದು, ನಾವು ನೀವು ಕೂತಿರುವುದು, ಎಲ್ಲ ಈ ಹೊಸ್ತಿಲಿನ ಪುಣ್ಯದಿಂದ.

ಹೊಸ್ತಿಲು ದಾಟುವವರ ಸಂಖ್ಯೆ ಹೆಚ್ಚಲು ಏನೇನು ಕಾರಣ? ಮೊದಲನೆಯದು ಗುಂಪು. ನಾಲ್ಕು ಜನರಿರುವ ಸಭೆಯಲ್ಲಿ ಜಗಳ ಅಪರೂಪ, ನಲವತ್ತು ಜನರಿದ್ದರೆ ಆಗದಿರುವುದು ಅಪರೂಪ. ಅಣುಗಳೂ ಹಾಗೆ, ದಟ್ಟವಾದಷ್ಟೂ ಡಿಕ್ಕಿ ಹೆಚ್ಚು. ಗಾಳಿಯಲ್ಲಿ ಹೊಗೆಯಾಡುವ ಊದಿನಕಡ್ಡಿ ಶುದ್ಧ ಆಮ್ಲಜನಕದ ಜಾಡಿಯಲ್ಲಿ ಹಿಡಿದರೆ ಭಗ್ಗನೆ ಉರಿಯುತ್ತದೆ. ಎರಡನೆಯದು ಮೈ. ಗಟ್ಟಿಯಾದದ್ದು ಪುಡಿಯಾದಷ್ಟೂ ಅದರ ಮೈ ಹೆಚ್ಚು ತೆರೆದುಕೊಳ್ಳುತ್ತದೆ. ಚೀಲದ ಗೋಧಿಗೆ ಕಡ್ಡಿ ಗೀರಿದರೆ ಕಡ್ಡಿಯೇ ದಂಡ. ಅದೇ ಗೋಧಿ ಹಿಟ್ಟಿನ ಧೂಳಾಗಿ ಗಾಳಿಯಲ್ಲಿ ತೇಲಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಮಿನಿಯಾಪೊಲಿಸ್ ಊರು 1878ರ ಮೇ 2ರಂದು ಕಂಡಿತು. ಅಲ್ಲಿನ ದೊಡ್ಡ ಗಿರಣಿ ಸಿಡಿದು 18 ಜನ ಸತ್ತರು.

ಮೂರನೆಯದು ಉಷ್ಣ. ಇದರ ಪಾಠ ನಮ್ಮ ಅವ್ವನಿಗೆ ಯಾವ ಪ್ರೊಫೆಸರರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ದೋಸೆಹಿಟ್ಟು ರಾತ್ರಿ ಹತ್ತಕ್ಕೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ದಾಟಿ ಕಟ್ಟೆಯ ಮೇಲೆ ಇಳಿದಿರುತ್ತದೆ. ಪುಣೆಯ ಡಿಸೆಂಬರಿನಲ್ಲಿ ಅದೇ ಹಿಟ್ಟು ಮುಖ ಗಂಟುಹಾಕಿಕೊಂಡು ಕೂತಲ್ಲೇ ಕೂತಿರುತ್ತದೆ. ಅವ್ವ ಪಾತ್ರೆಗೆ ಹಳೆಯ ಶಾಲು ಸುತ್ತುತ್ತಾಳೆ. ಸಾಮಾನ್ಯ ಉಷ್ಣದಲ್ಲಿ ನಡೆಯುವ ಎಷ್ಟೋ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ವೇಗವಾಗುತ್ತವೆ ಎಂಬುದು ಸ್ಥೂಲ ಲೆಕ್ಕ. ಇದರಲ್ಲಿ ಒಂದು ವಿಚಿತ್ರವಿದೆ. 27 ಡಿಗ್ರಿಯಿಂದ 37ಕ್ಕೆ ಏರಿದರೆ ಅಣುಗಳ ಸರಾಸರಿ ಚಲನಶಕ್ತಿ ಹೆಚ್ಚುವುದು ನೂರಕ್ಕೆ ಮೂರರಷ್ಟು ಮಾತ್ರ. ಮೂರು ಪಾಲು ಹೆಚ್ಚಿದರೆ ವೇಗ ಎರಡು ಪಟ್ಟು ಹೇಗೆ? 1889ರಲ್ಲಿ ಸ್ವೀಡನ್ನಿನ ಅರೇನಿಯಸ್ ಇದನ್ನು ಬಿಡಿಸಿ ಹೇಳಿದ. ಹೊಸ್ತಿಲು ದಾಟುವವರು ಸರಾಸರಿಯವರಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿರುವ ಕೆಲವೇ ಮಂದಿ. ಸರಾಸರಿ ತುಸು ಏರಿದರೂ ಈ ಜೋರಿನವರ ಸಂಖ್ಯೆ ಇಮ್ಮಡಿಯಾಗುತ್ತದೆ. ಕಾಲೇಜಿನ ಗ್ಯಾದರಿಂಗಿನಲ್ಲಿ ಗದ್ದಲ ಹೇಗೆ ಶುರುವಾಗುತ್ತದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯವನು ವೇಗವರ್ಧಕ. ನಮ್ಮ ಮೇಷ್ಟರು ಇವನನ್ನು ಮದುವೆಯ ದಲ್ಲಾಳಿಗೆ ಹೋಲಿಸುತ್ತಾರೆ. ಎರಡು ಮನೆಗಳ ನಡುವಿನ ಹೊಸ್ತಿಲನ್ನು ತಗ್ಗಿಸುತ್ತಾನೆ, ಸಂಬಂಧ ಕುದುರಿಸುತ್ತಾನೆ, ಊಟ ಮುಗಿಸಿ ಬಂದ ಹಾಗೆಯೇ ಕೊಡೆ ಹಿಡಿದು ಹೋಗುತ್ತಾನೆ. ಕೊಡುವ ಕೊಳ್ಳುವ ಲೆಕ್ಕ ಅವನಿಂದ ಒಂದು ಬಿಡಿಗಾಸೂ ಬದಲಾಗುವುದಿಲ್ಲ. ಬದಲಾಗುವುದು ಹೊತ್ತು ಮಾತ್ರ. ಸಾಮಾನ್ಯ ದಲ್ಲಾಳಿ ಒಬ್ಬನೇ ಇರುತ್ತಾನೆ. ಆದರೆ ಕೆಲವು ಕ್ರಿಯೆಗಳಲ್ಲಿ, ಮದುವೆಯಾದ ಪ್ರತಿ ಜೋಡಿಯೂ ಮಾರನೆಯ ದಿನ ದಲ್ಲಾಳಿತನಕ್ಕೆ ಹೊರಡುತ್ತದೆ. ಕ್ರಿಯೆಯಿಂದ ಹುಟ್ಟಿದ ವಸ್ತುವೇ ಕ್ರಿಯೆಗೆ ವೇಗವರ್ಧಕ. ಮೊದಮೊದಲು ಏನೂ ನಡೆದಂತೆ ಕಾಣುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಸುಮ್ಮನಿರುತ್ತದೆ. ಆಮೇಲೆ ಹಿಡಿದವರಿಗೆ ಸಿಗದಂತೆ ಓಡುತ್ತದೆ.

ಇಷ್ಟನ್ನೂ ನಾನು ಪರೀಕ್ಷೆಗೆಂದು ಓದಿದ್ದು. ನಮ್ಮ ಮನೆಯ ಅಟ್ಟದ ಮೇಲೆ ಇದೇ ಅಧ್ಯಾಯ ಬಹಳ ವರ್ಷಗಳಿಂದ ನಡೆಯುತ್ತಿತ್ತೆಂದು ಗೊತ್ತಾದದ್ದು ಆಮೇಲೆ.

ಅಜ್ಜ ಗದಗಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಕಪ್ಪು ಬಿಳುಪಿನ ಕಾಲ. ಮದುವೆ, ಜವಳ, ಶಾಲೆಯ ಗುಂಪು ಫೋಟೋ, ಹೆಣ್ಣು ತೋರಿಸಲು ಕಳಿಸುವ ಫೋಟೋ, ಕಡೆಗೆ ಹೆಣದ ಫೋಟೋ. ಒಂದು ಊರಿನಲ್ಲಿ ಏನೇನು ನಡೆಯುತ್ತದೋ ಎಲ್ಲ ಅಜ್ಜನ ಡಬ್ಬಿಯೊಳಗೆ ಒಂದು ಸಲ ಹಾದುಹೋಗಿತ್ತು. ಪ್ರತಿ ನೆಗೆಟಿವಿಗೂ ನಂಬರು, ಪ್ರತಿ ನಂಬರಿಗೂ ರಿಜಿಸ್ಟರಿನಲ್ಲಿ ಹೆಸರು, ತಾರೀಖು. "ಗಿರಾಕಿ ಫೋಟೋ ಒಯ್ತಾನ, ನೆಗೆಟಿವ್ ನಮ್ಮ ಕಡೆ ಇರ್ತದ. ಅದು ಊರಿನ ಠೇವಣಿ, ನಮ್ಮದಲ್ಲ" ಎನ್ನುತ್ತಿದ್ದ. ಸ್ಟುಡಿಯೋ ಮುಚ್ಚಿದ ಮೇಲೆ ಠೇವಣಿಯೆಲ್ಲ ಎರಡು ಕಬ್ಬಿಣದ ಟ್ರಂಕುಗಳಲ್ಲಿ ತಗಡಿನ ಮಾಡಿನ ಕೆಳಗೆ ಅಟ್ಟ ಸೇರಿತು. ಗದಗಿನ ಬೇಸಗೆ ನೀವು ಬಲ್ಲಿರಿ. ಅಟ್ಟದ ಮೇಲೆ ಇನ್ನಷ್ಟು.

ಅಜ್ಜ ಹೋದ ಮೇಲೆ ಒಂದು ದೀಪಾವಳಿಗೆ ಕಾಕಾ ಟ್ರಂಕು ಇಳಿಸಿ ತೆರೆದರು. ಗಂಟಲಿಗೆ ಹತ್ತುವಂಥ ಹುಳಿ ವಾಸನೆ. "ಯಾರರ ಉಪ್ಪಿನಕಾಯಿ ಭರಣಿ ಇಟ್ಟು ಮರ್ತಾರೇನು?" ಎಂದಳು ಅವ್ವ. ಭರಣಿಯೇನೂ ಇರಲಿಲ್ಲ. ಅದು ವಿನೆಗರ್, ಅಂದರೆ ಅಸಿಟಿಕ್ ಆಮ್ಲ. ಆ ಕಾಲದ ಫಿಲ್ಮಿನ ಆಧಾರ ಸೆಲ್ಯುಲೋಸ್ ಅಸಿಟೇಟ್. ಹತ್ತಿಯ ಸೆಲ್ಯುಲೋಸಿಗೆ ಅಸಿಟಿಕ್ ಆಮ್ಲದ ಗುಂಪುಗಳನ್ನು ಕೂಡಿಸಿ ಮಾಡಿದ ಪಾರದರ್ಶಕ ಹಾಳೆ. ಗಾಳಿಯ ತೇವ ಈ ಗುಂಪುಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಡಿಸಿಕೊಂಡ ಆಮ್ಲವೇ ಮುಂದಿನದನ್ನು ಬಿಡಿಸಲು ದಲ್ಲಾಳಿ! ಮುಚ್ಚಿದ ಟ್ರಂಕಿನಿಂದ ಆಮ್ಲದ ಆವಿ ಹೊರಗೆ ಹೋಗುವ ಹಾಗಿಲ್ಲ. ಕೆಟ್ಟ ಒಂದು ಸುರುಳಿ ಪಕ್ಕದ ಹತ್ತನ್ನು ಕೆಡಿಸುತ್ತದೆ. ಗುಂಪು, ಉಷ್ಣ, ತೇವ, ವೇಗವರ್ಧಕ, ಪ್ರಶ್ನೆಪತ್ರಿಕೆಯಲ್ಲಿ ಕೇಳುವ ಎಲ್ಲ ಕಾರಣಗಳೂ ಒಂದೇ ಟ್ರಂಕಿನಲ್ಲಿ ಒಟ್ಟಿಗೆ ಕೂತಿದ್ದವು.

ಹೊಸ ಅಸಿಟೇಟ್ ಫಿಲ್ಮು 21 ಡಿಗ್ರಿ ಉಷ್ಣ, ನೂರಕ್ಕೆ 50ರಷ್ಟು ತೇವದಲ್ಲಿದ್ದರೆ ಸುಮಾರು 40 ವರ್ಷಕ್ಕೆ ಈ ವಾಸನೆ ಶುರುವಾಗುತ್ತದೆ ಎಂದು ಫಿಲ್ಮು ಕಾಪಾಡುವವರ ಅಂದಾಜು. ಹತ್ತು ಡಿಗ್ರಿ ಹೆಚ್ಚಾದರೆ ಮೇಲಿನ ಸ್ಥೂಲ ಲೆಕ್ಕದಂತೆ 20 ವರ್ಷ ಎನ್ನಿ. ಈ ರೋಗದ ಮೊದಲ ದೂರು ಹೋದದ್ದೂ ನಮ್ಮ ದೇಶದಿಂದಲೇ. ಟ್ರೈಅಸಿಟೇಟ್ ಫಿಲ್ಮು ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಹತ್ತು ವರ್ಷ ತುಂಬುವುದರೊಳಗೆ, ಫಿಲ್ಮು ಕೆಡುತ್ತಿದೆ ಎಂದು ಭಾರತ ಸರ್ಕಾರದಿಂದ ಕೊಡಕ್ ಕಂಪನಿಗೆ ವರದಿ ಹೋಯಿತು. ತಂಪು ದೇಶದಲ್ಲಿ ತಯಾರಾದ ವಸ್ತು ನಮ್ಮ ಬಿಸಿಲಿನಲ್ಲಿ ಎಷ್ಟು ದಿನ ತಾಳುತ್ತದೆ ಎಂಬುದನ್ನು ನಮ್ಮ ಬಿಸಿಲೇ ಮೊದಲು ಹೇಳಿತು.

ಆ ದೀಪಾವಳಿಯ ವಾರದಲ್ಲೇ ಹತ್ತಿರದ ಹಳ್ಳಿಯ ಹೆಣ್ಣುಮಗಳೊಬ್ಬಳು ಕಾಕಾನನ್ನು ಹುಡುಕಿಕೊಂಡು ಬಂದಳು. ತನ್ನ ತಂದೆಯ ಫೋಟೋ ಗೆದ್ದಲು ತಿಂದಿದೆ, ಅಜ್ಜ ತೆಗೆದದ್ದು ಅದೊಂದೇ, ನೆಗೆಟಿವ್ ಇದ್ದರೆ ಇನ್ನೊಂದು ಪ್ರತಿ ಮಾಡಿಕೊಡಿ ಎಂದು. ರಿಜಿಸ್ಟರಿನಲ್ಲಿ ಹೆಸರು ಸಿಕ್ಕಿತು, ನಂಬರು ಸಿಕ್ಕಿತು, ಟ್ರಂಕಿನಲ್ಲಿ ಆ ನಂಬರಿನ ಲಕೋಟೆಯೂ ಸಿಕ್ಕಿತು. ಒಳಗಿದ್ದದ್ದು ಸುಟ್ಟ ಹಪ್ಪಳದಂತೆ ಸುಕ್ಕುಗಟ್ಟಿದ ಒಂದು ತುಂಡು. ಆಮ್ಲ ಕಳೆದುಕೊಂಡ ಆಧಾರ ಕುಗ್ಗುತ್ತದೆ. ಚಿತ್ರವಿರುವ ಜೆಲಟಿನ್ ಪದರ ಕುಗ್ಗುವುದಿಲ್ಲ. ಚಿಕ್ಕ ಹಾಸಿಗೆಯ ಮೇಲೆ ದೊಡ್ಡ ಹೊದಿಕೆ ಹಾಸಿದಂತೆ ಅದು ಮಡಿಕೆ ಮಡಿಕೆಯಾಗಿ ಮೇಲೇಳುತ್ತದೆ. ಆಕೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನೆಗೆಟಿವಿನಲ್ಲಿ ಕಪ್ಪಾಗಿ ಕಾಣುವ ಬಿಳಿ ರುಮಾಲು ಒಂದು ಮೂಲೆಯಲ್ಲಿ ಸರಿಯಾಗಿತ್ತು. "ರುಮಾಲ ನಮ್ಮಪ್ಪಂದ ಐತ್ರೀ" ಎಂದಳು. "ಮಾರಿ ಎಲ್ಲಿ ಹೋತ್ರೀ?"

ಕಾಕಾ ನನ್ನ ಕಡೆ ನೋಡಿದರು. ಮನೆಯಲ್ಲಿ ಕೆಮಿಸ್ಟ್ರಿ ಓದಿದವನು ನಾನೇ ತಾನೆ.

ಅಜ್ಜನ ಟ್ರಂಕಿನ ಅದೃಷ್ಟ ಒಂದು ವಿಷಯದಲ್ಲಿ ಒಳ್ಳೆಯದೆನ್ನಬೇಕು. ಅದು ಹುಳಿಯಾಯಿತು, ಹೊತ್ತಿಕೊಳ್ಳಲಿಲ್ಲ. ಅಸಿಟೇಟಿಗೆ ಮುಂಚಿನ ಸಿನಿಮಾ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್. ಸಿಡಿಮದ್ದಿನ ಹತ್ತಿಯ ಒಡಹುಟ್ಟಿದ ತಂಗಿ. ಇದೂ ಹಾಗೆಯೇ ತನ್ನಷ್ಟಕ್ಕೆ ಕೆಡುತ್ತದೆ. ಹೊರಬಂದ ಸಾರಜನಕದ ಆಕ್ಸೈಡುಗಳು ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ ಕೆಡುವಿಕೆಯನ್ನು ಇನ್ನೂ ಓಡಿಸುತ್ತವೆ. ಚಿತ್ರ ಮಸುಕಾಗುತ್ತದೆ, ಸುರುಳಿ ಅಂಟಂಟಾಗುತ್ತದೆ, ನೊರೆ ಬರುತ್ತದೆ, ಗಟ್ಟಿ ಬಿಲ್ಲೆಯಾಗುತ್ತದೆ, ಕೊನೆಗೆ ಕಂದು ಪುಡಿ. ಆದರೆ ಇಲ್ಲಿ ಇನ್ನೊಂದು ಸಂಗತಿ ಸೇರಿದೆ. ಈ ಕ್ರಿಯೆ ಒಳ್ಳೆಯ ಪ್ರಮಾಣದಲ್ಲಿ ಶಾಖ ಬಿಡುತ್ತದೆ. ಬಿಗಿಯಾಗಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟ ಸುರುಳಿಯಿಂದ ಆ ಶಾಖ ಹೊರಗೆ ಹೋಗಲಾರದು. ಶಾಖದಿಂದ ವೇಗ, ವೇಗದಿಂದ ಮತ್ತೆ ಶಾಖ. ಶಕ್ತಿಯ ಖಾತೆಯೂ ಹೊತ್ತಿನ ಖಾತೆಯೂ ಬೇರೆ ಬೇರೆ ಎಂದೆನಲ್ಲ, ಇಲ್ಲಿ ಅವೆರಡೂ ಕೈಕೈ ಹಿಡಿದುಕೊಳ್ಳುತ್ತವೆ. ಅದರ ಹೆಸರೇ ಬೆಂಕಿ. ಸಾಮಾನ್ಯ ಕಾಗದ ತಾನಾಗಿ ಹೊತ್ತಿಕೊಳ್ಳಬೇಕಾದರೆ 200 ಡಿಗ್ರಿ ದಾಟಬೇಕು. ಚೆನ್ನಾಗಿ ಕೆಟ್ಟ ನೈಟ್ರೇಟ್ ಫಿಲ್ಮು ಬಹಳ ದಿನ ಬಿಸಿಲಿನ ತಾಪದಲ್ಲಿ ಬಿದ್ದಿದ್ದರೆ 41 ಡಿಗ್ರಿಯಲ್ಲೇ ಹೊತ್ತಿಕೊಂಡದ್ದುಂಟು. ನಮ್ಮೂರಿನ ಏಪ್ರಿಲ್ ಅಷ್ಟು ಸಾಕು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು, ಬೇಕಾದ ಆಮ್ಲಜನಕ ಅದರ ಹೊಟ್ಟೆಯಲ್ಲೇ ಇದೆ.

1929ರ ಮೇ 15ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಹೀಗೆ ಕೂಡಿಟ್ಟ ನೈಟ್ರೇಟ್ ಎಕ್ಸ್‌ರೇ ಫಿಲ್ಮುಗಳು ಹೊತ್ತಿ 123 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ವಿಷದ ಹೊಗೆ. 1937ರ ಜುಲೈ 9ರಂದು, ಬಿಸಿಲಿನ ಅಲೆಯ ನಡುವೆ, ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ಚಿತ್ರಗಳ ಉಗ್ರಾಣ ಉರಿದು ಅವರ ಮೂಕಿ ಚಿತ್ರಗಳಲ್ಲಿ ಬಹುಪಾಲು ಮಾಯವಾದವು. ಕೊಡಕ್ ಕಂಪನಿ ನೈಟ್ರೇಟ್ ಫಿಲ್ಮಿನ ತಯಾರಿಕೆ ನಿಲ್ಲಿಸಿದ್ದು 1951ರಲ್ಲಿ. ನಮ್ಮ ಪುಣೆಯಲ್ಲೂ, ಹಿಂದೆ ಪ್ರಭಾತ್ ಸ್ಟುಡಿಯೋ ಇದ್ದ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದ ಉಗ್ರಾಣದಲ್ಲಿ, 2003ರ ಜನವರಿ 8ರಂದು ಬೆಂಕಿ ಬಿದ್ದು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಹಳೆಯ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು.

ಇನ್ನು ಕನ್ನಡದ ಮಾತು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಬೆಂಗಳೂರಿನಲ್ಲಲ್ಲ, ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದೊಳಗೆ ತಲುಪಬಹುದಾದ ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ವೈ. ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕನ್ನಡ ಮಾತು ಮೊದಲ ಸಲ ಪರದೆಯಿಂದ ಕೇಳಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ಚಿತ್ರವೆಂದರೆ ನೈಟ್ರೇಟ್ ಫಿಲ್ಮು. ಓಡಿ ಮುಗಿದ ಪ್ರತಿಗಳನ್ನು ಬೆಳ್ಳಿಗಾಗಿ ಕರಗಿಸುವ ವಾಡಿಕೆಯೂ ಇತ್ತು. ಕರಗಿಸದೆ ಬಿಟ್ಟದ್ದನ್ನು ಹೊತ್ತು ಕರಗಿಸುತ್ತಿತ್ತು. ಚರಿತ್ರೆಯ ಪುಸ್ತಕದಲ್ಲಿ ಅದರ ಹೆಸರಿದೆ, ತಾರೀಖಿದೆ, ಪಾತ್ರವರ್ಗವಿದೆ. ಅಜ್ಜನ ರಿಜಿಸ್ಟರಿನಲ್ಲಿದ್ದಂತೆ ಎಲ್ಲ ಇದೆ. ರುಮಾಲಿದೆ, ಮುಖವಿಲ್ಲ.

ಹಾಗಾದರೆ ಏನು ಮಾಡಬೇಕು? ಶಕ್ತಿಯ ಖಾತೆಯನ್ನು ತಿದ್ದಲು ನಮ್ಮಿಂದಾಗದು. ಕೆಡುವ ದಿಕ್ಕಿಗೆ ಇಳಿಜಾರಿದ್ದರೆ ಅದು ಕೆಟ್ಟೇ ಕೆಡುತ್ತದೆ. ಆದರೆ ಹೊತ್ತಿನ ಖಾತೆ ನಮ್ಮ ಕೈಯಲ್ಲಿದೆ, ಪೂರ್ತಿ ಅಲ್ಲದಿದ್ದರೂ ಬಹಳಷ್ಟು. ಯಾವ ಕಾರಣಗಳು ಕ್ರಿಯೆಯನ್ನು ಓಡಿಸುತ್ತವೆ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೋ ಅವನ್ನೇ ತಿರುವಿ ಹಾಕಿದರೆ ಕಾಪಾಡುವ ವಿದ್ಯೆ. ಉಷ್ಣ ತಗ್ಗಿಸು, ತೇವ ತಗ್ಗಿಸು, ಆವಿಗೆ ದಾರಿ ಮಾಡಿಕೊಡು, ಕೆಟ್ಟದ್ದನ್ನು ಒಳ್ಳೆಯದರಿಂದ ಬೇರೆಯಿಡು. ಪ್ರಪಂಚದ ದೊಡ್ಡ ಸಂಗ್ರಹಾಲಯಗಳ ಶೀತಲ ಕೋಣೆಗಳಲ್ಲಿ ನಡೆಯುವುದೂ ಇಷ್ಟೇ.

ನಾವು ಮಾಡಿದ್ದೂ ಅದನ್ನೇ, ನಮ್ಮ ಯೋಗ್ಯತೆಗೆ ತಕ್ಕಷ್ಟು. ಟ್ರಂಕು ಎರಡನ್ನೂ ಪುಣೆಗೆ ತಂದೆವು. ಬ್ರೋಮೋಕ್ರೆಸಾಲ್ ಗ್ರೀನ್ ಸವರಿದ ಕಾಗದದ ಪಟ್ಟಿಗಳನ್ನು ಮಾಡಿ ಒಂದೊಂದು ಡಬ್ಬಿಯಲ್ಲೂ ಇಟ್ಟೆ. ಆಮ್ಲವಿಲ್ಲದಿದ್ದರೆ ಪಟ್ಟಿ ನೀಲಿಯಾಗಿಯೇ ಉಳಿಯುತ್ತದೆ, ಇದ್ದರೆ ಹಸಿರು, ಬಹಳವಿದ್ದರೆ ಹಳದಿ. ಹಳದಿಯವನ್ನು ಬೇರೆ ತೆಗೆದು ಮೊದಲು ಸ್ಕ್ಯಾನ್ ಮಾಡಿದೆವು, ಅವುಗಳಿಗೆ ಹೊತ್ತು ಕಡಿಮೆ. ಹಸಿರಿನವನ್ನು ತೇವ ಹೋಗದಂಥ ಚೀಲಗಳಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟೆವು. ಕೊತ್ತಂಬರಿ ಸೊಪ್ಪಿನ ಜಾಗ ಹೋಯಿತೆಂದು ಅವ್ವನಿಗೆ ಕೋಪ. "ನಿಮ್ಮಜ್ಜನ ಗಿರಾಕಿಗಳ ಜೊತಿ ಸಂಸಾರ ಮಾಡೋದಾತು ನಂದು" ಎನ್ನುತ್ತಾಳೆ. ಆದರೂ ಚೀಲ ಹೊರಗೆ ತೆಗೆದರೆ ಕೋಣೆಯ ಉಷ್ಣಕ್ಕೆ ಬರುವ ತನಕ ಬಿಚ್ಚಬಾರದು, ಬಿಚ್ಚಿದರೆ ನೀರು ಹನಿಗಟ್ಟುತ್ತದೆ ಎಂಬುದನ್ನು ಈಗ ನನಗಿಂತ ಅವಳೇ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ.

ಆ ಹೆಣ್ಣುಮಗಳ ತಂದೆಯ ನೆಗೆಟಿವ್ ಬೇರೆ ಲಕೋಟೆಯಲ್ಲಿ, ಎಲ್ಲಕ್ಕಿಂತ ತಣ್ಣಗಿನ ಖಾನೆಯಲ್ಲಿದೆ. ಕುಗ್ಗಿದ ಆಧಾರದಿಂದ ಜೆಲಟಿನ್ ಪದರವನ್ನು ಬಿಡಿಸಿ, ಮಡಿಕೆ ಹೋಗುವಂತೆ ಹರಡಿ, ಚಿತ್ರವನ್ನು ಉಳಿಸುವ ಕೈಕೆಲಸ ಬಲ್ಲವರಿದ್ದಾರೆ. ಅವರ ಕೈಗೆ ಅದು ಸೇರುವ ತನಕ ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆಕೆಗೆ ಕಾಕಾ ಇಷ್ಟನ್ನೇ ಹೇಳಿ ಕಳಿಸಿದ್ದಾರೆ. ಆಕೆ ಆಗಾಗ ಫೋನು ಮಾಡಿ, "ಇನ್ನೂ ಇಟ್ಟೀರಲ್ರೀ?" ಎಂದು ಕೇಳುತ್ತಾಳಂತೆ.

ಗೆಳೆಯರೆ, ನಿಮ್ಮಲ್ಲಿ ಬಹಳ ಜನ ರಜೆಗೆ ಊರಿಗೆ ಹೋಗುವವರು. ಧಾರವಾಡವೋ, ಕುಂದಾಪುರವೋ, ಸೊಲ್ಲಾಪುರವೋ, ಯಾವ ಊರಾದರೇನು. ಅಟ್ಟದ ಮೇಲೊಂದು ಟ್ರಂಕು, ಟ್ರಂಕಿನೊಳಗೊಂದು ಲಕೋಟೆ ಇದ್ದೇ ಇರುತ್ತದೆ. ಇಳಿಸಿ, ಮುಚ್ಚಳ ತೆಗೆದು ಮೂಗಿಟ್ಟು ನೋಡಿ. ಹುಳಿ ವಾಸನೆ ಬಂದರೆ ಆ ವಾರವೇ ಕೆಲಸಕ್ಕೆ ತೊಡಗಿ. ಬರದಿದ್ದರೆ ನಿಮಗೆ ಇನ್ನೂ ಹೊತ್ತಿದೆ; ಅಟ್ಟಕ್ಕೆ ಮಾತ್ರ ಮತ್ತೆ ಏರಿಸಬೇಡಿ.